ದಿಂಬಿನ ಕೆಳಗಿನ ಮಾತ್ರೆ

ರಾಗಿ ಕೇರುತ್ತಿದ್ದೆ. ಅತ್ತೆಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಮೊರ ಕೆಳಗಿಟ್ಟು, ಅವರ ದಿಂಬಿನಡಿಯ ಡಬ್ಬಿ ತೆಗೆದೆ. ನೆನ್ನೆ ಎಂಟಿದ್ದವು. ಈಗ ಐದು!

ಅದು ಮೂವತ್ತೆಂಟನೇ ಇಸವಿ. ಅತ್ತೆ ಚಿಕ್ಕವೆಂಕಟಮ್ಮನಿಗೆ ಹತ್ತು ವರ್ಷದ ಸೊಂಟನೋವು. ದಿನಕ್ಕೊಂದು ಮಾತ್ರೆ ಬೀಳದಿದ್ದರೆ ಮಗ್ಗುಲಾಗಲೂ ಆಗದು. ಮೂರು ತಿಂಗಳಿಂದ ಮಾತ್ರೆ ಕಾಣೆಯಾಗುತ್ತಿದ್ದವು. ಇನ್ನೊಂದು ಸಲ ತಿಂಗಳಿಗೆ ಮುಂಚೆ ಮುಗಿದರೆ ಮಾತ್ರೆಯೇ ಬಂದ್—ಹಾಗಂತ ಗಣಿ ಕಂಪನಿಯ ಡಾಕ್ಟರು ಹೇಳಿ ಕಳಿಸಿದ್ದರು.

"ಇವಳೇ ಮಾರ್ಕಂಡವಳೆ," ಎಂದ ಗಣಿಯಿಂದ ಬಂದ ನನ್ನ ಗಂಡ ಸೀನಪ್ಪ. "ಕಳ್ಳಿ!"

ಅತ್ತೆ ಕಣ್ಣು ಮುಚ್ಚಿಕೊಂಡರು.

ಊರಿಗಾಂ ಲೈನಿನಲ್ಲಿ, ಕಂಪನಿ ಕಟ್ಟಿಸಿದ ನಮ್ಮ ಸಾಲುಮನೆಗಳಲ್ಲಿ, ಕಳವಾದರೆ ಪೊಲೀಸರನ್ನಲ್ಲ, ಮುನಿಶಾಮಮ್ಮನನ್ನು ಕರೆಯುತ್ತಿದ್ದರು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಮುದುಕಿ. ಬಂದವಳು ಮೂಲೆ ತಡಕಲಿಲ್ಲ, ಗಂಟು ಬಿಚ್ಚಿಸಲಿಲ್ಲ. ಗೋಡೆಗೊರಗಿ ಎಲೆಅಡಿಕೆ ಮೆಲ್ಲುತ್ತಾ ಕೂತಳು.

"ಮಾತ್ರೆ ತರೋದು ಯಾರಮ್ಮಿ?"

"ನಮ್ಮನೇವ್ರು. ಅತ್ತೆ ನಡೆಯಂಗಿಲ್ವಲ್ಲ."

"ಡಾಕ್ಟ್ರು ಇವಳ ಮುಖ ನೋಡಿ ಎಷ್ಟು ದಿನ ಆಯ್ತು?"

"ವರ್ಷ ಆಯ್ತು. ಎಲ್ಲಾ ನಮ್ಮನೇವ್ರ ಬಾಯಲ್ಲೇ ಹೇಳಿ ಕಳ್ಸೋದು."

"ಡಾಕ್ಟ್ರಿಗೆ ನೀನೇನೋ ಕಾಗದ ಬರೆದಿದ್ಯಂತೆ?"

"ನೈಟ್ ಸ್ಕೂಲಲ್ಲಿ ಕಲ್ತು ಬರೆದ ಮೊದಲ್ನೇ ಕಾಗದ. ಅತ್ತೆ ಜಾಸ್ತಿ ನುಂಗ್ತಿಲ್ಲ, ಮಾತ್ರೆ ಕಾಣೆಯಾಯ್ತವೆ ಅಂತ. ಇವರ ಕೈಲೇ ಕಳಿಸ್ದೆ. ಎರಡು ತಿಂಗಳಾದ್ರೂ ಉತ್ತರ ಇಲ್ಲ."

"ಸಾಕು, ಮುದ್ದೆ ಆಕು," ಎಂದು ಗದರಿದ ನನ್ನ ಗಂಡ. ತಟ್ಟೆ ಹಿಡಿದು ಒರಳುಕಲ್ಲಿನ ಮೇಲೆ ಕೂತ.

ಮುನಿಶಾಮಮ್ಮನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು.

"ಇವನು ಅಲ್ಲಿ ಕೂತು ಉಣ್ಣೋದು ಯಾವಾಗಿಂದ?"

"ಯುಗಾದಿಯಿಂದ," ಎಂದೆ ಕೊಂಕಾಗಿ. "ದೊರೆ ಆಗವ್ರೆ. ನೆಲ ಒಗ್ಗಲ್ಲ."

"ಸೀನಪ್ಪಾ, ಕಾಗದ ಏನು ಮಾಡ್ದೆ?"

"ಡಾಕ್ಟ್ರಿಗೆ ಕೊಟ್ಟೆ ದೊಡ್ಡಮ್ಮ."

"ಎದ್ದು ಬಾ. ನನ್ನ ತಲೆ ಮುಟ್ಟಿ ಆಣೆ ಮಾಡು ನೋಡಾನ."

ಅವನು ತಟ್ಟೆ ಕೆಳಗಿಟ್ಟ. ಎರಡೂ ಕೈ ಕಲ್ಲಿಗೂರಿದ. ಹಣೆಯಲ್ಲಿ ಬೆವರು ಒಡೆಯಿತು. ಏಳಲಾಗಲಿಲ್ಲ.

"ಕಾಲು ಮಡಚಿ ಕೂತು ಮುದ್ದೆ ಮುರಿಯೋ ಜನ ನಾವು," ಎಂದಳು ಮುನಿಶಾಮಮ್ಮ. "ಕಲ್ಲೇರಿದ್ದು ದೊರೆತನಕ್ಕಲ್ಲಮ್ಮಿ, ಸೊಂಟ ಬಿದ್ದೋಗದೆ. ಡಾಕ್ಟ್ರಿಗೆ ತಿಳಿದ್ರೆ ಅನ್‌ಫಿಟ್ ಅಂತಾರೆ. ಕೆಲ್ಸ ಓಯ್ತದೆ, ಈ ಲೈನ್ ಮನೆ ಓಯ್ತದೆ. ಅದಕ್ಕೆ ತಾಯಿ ಮಾತ್ರೆ ನುಂಗಿ ಗಣಿಗೆ ಇಳೀತಾನೆ. ಮುದುಕಿ ಜಾಸ್ತಿ ನುಂಗ್ತಾಳೆ ಅಂತ ಡಾಕ್ಟ್ರ ಕಿವಿ ಊದಿದ್ದೂ ಇವನೇ. ಅಲ್ವೇನ್ಲಾ?"

ಅವನು ತಲೆ ತಗ್ಗಿಸಿದ. ಗೂಟದಲ್ಲಿದ್ದ ಅವನ ಹಳೇ ಕೋಟಿನ ಜೇಬಿಗೆ ಕೈ ಹಾಕಿದೆ. ನನ್ನ ಕಾಗದ ಅಲ್ಲೇ ಇತ್ತು.

ಮುನಿಶಾಮಮ್ಮ ಅತ್ತೆಯ ಕಡೆ ತಿರುಗಿದಳು. "ನಿನ್ನ ದಿಂಬಿನಡಿ ಡಬ್ಬಿ. ನಿನಗೆ ತಿಳೀದೆ ತೆಗೆದ್ನಾ?"

"ತಿಳೀತಿತ್ತು," ಎಂದರು ಅತ್ತೆ. "ಕಣ್ಣು ಮುಚ್ಕಂಡಿರ್ತಿದ್ದೆ. ಮಗ ಅಲ್ವಾ."

"ನನ್ನ ಕಳ್ಳಿ ಅಂದಾಗ್ಲೂ ಕಣ್ಣು ಮುಚ್ಕಂಡ್ರಾ ಅತ್ತೆ?"

ಮಗ್ಗುಲಾಗಲಾರದೆ ಅತ್ತೆ ಮುಖವನ್ನಷ್ಟೇ ಗೋಡೆಗೆ ತಿರುಗಿಸಿದರು.

ಕಾಗದದ ಕೊನೆಗೆ ಸೇರಿಸಿದೆ: 'ಮಾತ್ರೆ ತೆಗೆದವನು ನನ್ನ ಗಂಡ. ಅವನಿಗೂ ನೋವು. ಇಬ್ಬರನ್ನೂ ನೀವೇ ಕಣ್ಣಾರೆ ನೋಡಿ.'

"ಆಕಬ್ಯಾಡ ಕಣೆ. ಮನೆ ಓಯ್ತದೆ," ಎಂದ ಅವನು.

ನಾನು ಹೊಸ್ತಿಲು ದಾಟಿದೆ. ಲೈನಿನ ಕೊನೆಯಲ್ಲಿದ್ದ ಕೆಂಪು ಅಂಚೆ ಪೆಟ್ಟಿಗೆಗೆ ಕಾಗದ ಹಾಕಿ ಬಂದೆ. ಅವನು ಇನ್ನೂ ಆ ಕಲ್ಲಿನ ಮೇಲೇ ಕೂತಿದ್ದ.