ಅರ್ಧ ಮಾತ್ರೆ, ಇಡೀ ನಂಬಿಕೆ

"ಕೊಡೋಕಾಗಲ್ಲ ಮೇಡಂ."

ಔಷಧಿ ಅಂಗಡಿಯವನು ಚೀಟಿಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾಕಾಗಲ್ಲ? ನಿಮ್ಮ ಹಿಂದೇನೇ ಕಾಣ್ತಿದೆಯಲ್ಲ."

"ಕಾಣ್ತಿದೆ. ಆದ್ರೆ ಈ ಚೀಟಿ ಹೋದ ವರ್ಷದ್ದು. ನಿದ್ದೆ ಮಾತ್ರೆ ಹಳೇ ಚೀಟಿಗೆಲ್ಲ ಕೊಡೋ ಹಾಗಿಲ್ಲ."

"ನಿಮಗಿಂತ ಮುಂಚೆ ಇದ್ದವರು ಕೊಡ್ತಿದ್ರು."

"ಅದಕ್ಕೇ ಅವರು ಈಗ ಇಲ್ಲಿಲ್ಲ."

ಹಿಂದೆ ನಿಂತಿದ್ದವರು ನಕ್ಕರು. ಅಷ್ಟೇ ಸಾಕಾಯಿತು ನೋಡಿ, ಅವಳ ಕಣ್ಣು ತುಂಬಿಬಿಟ್ಟಿತು. ಅವನು ಗಾಬರಿಯಾಗಿ ದನಿ ತಗ್ಗಿಸಿದ.

"ಯಾವಾಗಿಂದ ತಗೋತಿದ್ದೀರಾ?"

"ಅಪ್ಪ ಹೋದಾಗಿಂದ..."

ಗುರುತು ಪರಿಚಯ ಇಲ್ಲದವನ ಮುಂದೆ ಇದನ್ನೇಕೆ ಹೇಳಿದೆ? ಅವಳಿಗೇ ತಿಳಿಯಲಿಲ್ಲ.

ಅವಳು ಶಾಲೆಯ ಸಮವಸ್ತ್ರ ಹೊಲಿಯುವ ಟೈಲರ್. ಅಮ್ಮ ಊರಲ್ಲಿಲ್ಲದ ದಿನ, ಕೆಲಸ ಮಾಡಿ ಸುಸ್ತಾಗಿ ಮಲಗಿದ್ದಾಗ ಪಕ್ಕದ ಕೋಣೆಯಿಂದ ಅಪ್ಪ ಕರೆದಿದ್ದರು. ಗೋಡೆಯಾಚೆಯ ಮನೆಯವರಿಗೂ ಕೇಳಿಸಿದ ಆ ಕೂಗು ಮಗಳಿಗೆ ಕೇಳಿಸಲಿಲ್ಲ. ಅವಳು ಎದ್ದಾಗ ಎಲ್ಲ ಮುಗಿದಿತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಯಾರೋ ಕರೆದಂತಾಗಿ ಬೆಚ್ಚಿ ಏಳುತ್ತಿದ್ದಳು. ಮಾತ್ರೆ ನುಂಗಿದರೆ ಮಾತ್ರ ಆ ಕೂಗು ನಿಲ್ಲುತ್ತಿತ್ತು. ಮೊದಲು ಒಂದು ಸಾಕಾಗುತ್ತಿತ್ತು, ಆಮೇಲೆ ಎರಡು ಬೇಕಾಯಿತು. ಹಗಲೆಲ್ಲ ಮಂಪರು, ಹೊಲಿಗೆಯೆಲ್ಲ ಸೊಟ್ಟ.

ಅಂಗಡಿಯವನು ಬೇರೆ ಮಾತ್ರೆಯನ್ನೇನೂ ಕೊಡಲಿಲ್ಲ. ಒಬ್ಬ ಡಾಕ್ಟರ ಹೆಸರು ಹೇಳಿ, "ನನ್ನನ್ನ ನಂಬಿ" ಎಂದು ಕಳಿಸಿದ. ಡಾಕ್ಟರಮ್ಮ ನಿಧಾನದವರು.

"ಬಿಡಬಹುದಮ್ಮ, ಆದ್ರೆ ದಿಢೀರಂತ ಬಿಡೋ ಹಾಗಿಲ್ಲ. ಮೈ ನಡುಗುತ್ತೆ, ಫಿಟ್ಸ್ ಕೂಡ ಬರಬಹುದು. ಸ್ವಲ್ಪಸ್ವಲ್ಪವೇ ಇಳಿಸೋಣ. ಯಾವಾಗ ಮಲಗಿದ್ರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳು. ಮಧ್ಯಾಹ್ನದ ನಿದ್ದೆ ಬೇಡ, ಸಂಜೆ ಕಾಫಿ ಬೇಡ. ನಿದ್ದೆ ಬರದಿದ್ರೆ ಹಾಸಿಗೇಲಿ ಹೊರಳಾಡಬೇಡ, ಎದ್ದು ಬೇರೆ ಕಡೆ ಕೂತ್ಕೋ. ಮತ್ತೆ ಅಪ್ಪನ ವಿಷಯ... ಅದನ್ನ ಯಾರ ಹತ್ರಾನಾದ್ರೂ ಹೇಳ್ಕೋಬೇಕು."

ಹೇಳಿದ್ದನ್ನೆಲ್ಲ ಮಾಡಿದಳು, ಕೊನೆಯದೊಂದನ್ನು ಬಿಟ್ಟು.

ಮಾತ್ರೆ ಅರ್ಧಕ್ಕೆ ಇಳಿಯಿತು. ಪ್ರತಿ ವಾರ ಅವನೇ ಮಾತ್ರೆ ಕತ್ತರಿಸುವ ಯಂತ್ರದಲ್ಲಿ ಅಳತೆ ತಪ್ಪದಂತೆ ಕತ್ತರಿಸಿ, ಪುಟ್ಟ ಕವರಿನಲ್ಲಿ ಹಾಕಿ ಕೊಡುತ್ತಿದ್ದ. "ನಿದ್ದೆ ಹೇಗಿದೆ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳುವವರೆಗೆ ಬೇರೆ ಗಿರಾಕಿಯ ಕಡೆ ತಿರುಗುತ್ತಿರಲಿಲ್ಲ. ಅವಳಿಗೋ, ವಾರ ಬೇಗ ಮುಗಿಯಬಾರದೇ ಅನ್ನಿಸತೊಡಗಿತು.

ಅವಳ ಅಂಗಡಿಯ ಕಟಿಂಗ್ ಮಾಸ್ತರರು ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಏನಮ್ಮ, ಹೊಲಿಗೆ ನೆಟ್ಟಗಾಗಿದೆ? ಮಾತ್ರೆ ಕಮ್ಮಿ ಮಾಡಿದ್ದಕ್ಕೋ, ಮಾತ್ರೆ ಕೊಡೋನಿಂದ್ಲೋ?"

"ಸುಮ್ನಿರಿ ಮಾಸ್ತರೇ."

ಮುಖ ಮಾತ್ರ ಸುಮ್ಮನಿರಲಿಲ್ಲ, ಕೆಂಪಾಗಿತ್ತು.

ಹೀಗಿರುವಾಗಲೇ ಒಂದು ವಾರ ಎಲ್ಲ ತಲೆಕೆಳಗಾಯಿತು. ಅರ್ಧ ಮಾತ್ರೆ ನುಂಗಿದರೂ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಬೆವರು, ವಾಂತಿ, ಎದೆಬಡಿತ. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದೆ ಅವಳು ಅತ್ತುಬಿಟ್ಟಳು. ಕವರಿನಲ್ಲಿದ್ದ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ಇವು ಆ ಮಾತ್ರೆಗಳೇ ಅಲ್ಲ.

ನೇರ ಅವನ ಅಂಗಡಿಗೆ ಹೋದಳು. ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಕವರನ್ನು ಅವನ ಮುಂದೆ ಸುರಿದಳು.

"ಏನಿದು? ನನ್ನ ಜೊತೆ ಆಟ ಆಡ್ತಿದ್ದೀರಾ? ನಂಬಿ ಅಂದ್ರಿ, ನಂಬಿದೆ. ಅದಕ್ಕೆ ಸುಣ್ಣದ ಚೂರು ಕೊಟ್ರಾ?"

ಅವನು ಒಂದು ಚೂರನ್ನು ಎತ್ತಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದವನು ತಡೆದುಕೊಂಡ.

"ಈಗ್ಲೇ ಡಾಕ್ಟರ ಹತ್ರ ಹೋಗಿ. ನಾನು ಫೋನ್ ಮಾಡಿರ್ತೀನಿ. ಆಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಬೈಯಿರಿ."

"ಅಂದ್ರೆ ತಪ್ಪು ಒಪ್ಕೋತೀರಾ?"

ಅವನು ಆಗಲೇ ಡಾಕ್ಟರಿಗೆ ಫೋನ್ ಹಚ್ಚುತ್ತಿದ್ದ. ಅವನು ‘ನಾನಲ್ಲ’ ಎಂದು ಒಂದು ಮಾತು ಹೇಳಿದ್ದರೂ ನಂಬುತ್ತಿದ್ದೆ ಎಂದು ದಾರಿಯುದ್ದಕ್ಕೂ ಅತ್ತಳು. ಡಾಕ್ಟರಮ್ಮ ಹಳೆಯ ಪ್ರಮಾಣವನ್ನೇ ಮತ್ತೆ ಶುರು ಮಾಡಿದರು, ಜೀವಕ್ಕೆ ಅಪಾಯವಾಗಲಿಲ್ಲ. ಅಂಗಡಿಯ ಯಜಮಾನ ಅವನನ್ನು ಕೆಲಸದಿಂದ ತೆಗೆದ ಎಂಬ ಸುದ್ದಿ ಮಾಸ್ತರರಿಂದ ಬಂತು. ಸರಿಯಾಯಿತು ಅಂದುಕೊಳ್ಳಲು ನೋಡಿದಳು, ಆಗಲಿಲ್ಲ. ಒಳಗೊಳಗೇ ಕುಸಿದುಹೋದಳು.

ತಿಂಗಳುಗಳು ಕಳೆದವು. ಮಾತ್ರೆ ಮತ್ತೆ ಇಳಿಯಿತು. ಈಗ ನಿದ್ದೆ ಬರದಿದ್ದಾಗ ನೆನಪಾಗುತ್ತಿದ್ದುದು ಅಪ್ಪ ಒಬ್ಬರೇ ಅಲ್ಲ. ಒಂದು ಬೆಳಿಗ್ಗೆ ಅವಳ ಊದಿದ ಕಣ್ಣು ನೋಡಿ, ತರಕಾರಿ ಹೆಚ್ಚುತ್ತಿದ್ದ ಅಮ್ಮ ಚಾಕುವನ್ನು ಕೆಳಗಿಟ್ಟರು.

"ಮಾತ್ರೆ ಬದಲಾಯಿಸಿದ್ದು ನಾನು ಕಣೆ."

"ಏನಂದೆ?"

"ಸ್ವಲ್ಪಸ್ವಲ್ಪ ಬಿಡಿಸ್ತೀವಿ ಅಂತಾರೆ, ಯಾವ ಕಾಲಕ್ಕೆ ಬಿಡೋದು ಅಂತ... ನನ್ನ ಕ್ಯಾಲ್ಸಿಯಂ ಮಾತ್ರೇನ ಕತ್ತರಿಸಿ ಕವರಿಗೆ ಹಾಕಿಟ್ಟೆ. ಒಂದೇ ಸಲ ಬಿಟ್ಟುಹೋಗತ್ತೆ ಅನ್ಕೊಂಡೆ. ಹೀಗಾಗತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ಅವರ ಕೆಲಸ ಹೋಯ್ತಮ್ಮ..."

"ನೀನು ಅಂಗಡೀಲಿ ಕೊಟ್ಟಿದ್ದ ಮನೆ ನಂಬರಿಗೆ ಅವನು ಅವತ್ತೇ ಫೋನ್ ಮಾಡಿ ನನ್ನ ಹತ್ರ ಮಾತಾಡಿದ. ಬೈಲಿಲ್ಲ. ಇನ್ನೊಂದ್ಸಲ ಹೀಗೆ ಮಾಡ್ಬೇಡಿ, ನಿಮ್ಮ ಮಗಳು ಉಳಿಯಲ್ಲ ಅಂದ. ನಾನೇ ಅಂತ ನಿನಗೆ ಹೇಳೋದು ಬೇಡ ಅಂತಾನೂ ಅಂದ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ಹೆದರಿಕೆ ನನಗೆ."

ಅಮ್ಮನ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಆ ಮುದುಡಿದ ಮುಖ ನೋಡಿ ಕೋಪ ಇಳಿಯಿತು. ಚಪ್ಪಲಿ ಮೆಟ್ಟಿ ಹೊರಟು, ಮಾಸ್ತರರಿಂದ ಅವನ ಠಿಕಾಣಿ ಕೇಳಿಕೊಂಡಳು.

ಅವನು ಊರಾಚೆ ದನಗಳ ಔಷಧಿ ಅಂಗಡಿಯಲ್ಲಿದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಇಲ್ಲಿ ಗಿರಾಕಿಗಳು ಜಗಳಕ್ಕೆ ಬರಲ್ಲ," ಎಂದು ನಗಲು ನೋಡಿದ.

ಅವಳಿಗೆ ನಗು ಬರಲಿಲ್ಲ.

"ಯಾಕೆ ಹೇಳಲಿಲ್ಲ? ಅಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ತೆಗೆದೆ. ಯಾಕೆ ಸುಮ್ನೆ ನಿಂತ್ರಿ?"

"ಆ ಚೂರು ಚಾಕುವಲ್ಲಿ ಕತ್ತರಿಸಿದ್ದು, ನೋಡಿದ ಕೂಡ್ಲೇ ಗೊತ್ತಾಯ್ತು. ಮನೇಲಿ ನಿಮಗಿರೋದು ಅಮ್ಮ ಒಬ್ರೇ. ನನ್ನನ್ನ ನಂಬದೆ ನೀವು ಬದುಕ್ತೀರಿ. ಅಮ್ಮನ್ನ ನಂಬದೆ ಆ ಮನೇಲಿ ತುತ್ತು ಹೇಗೆ ಇಳಿಯತ್ತೆ?"

"ಬದುಕ್ತೀನಿ ಅಂತ ನಿಮಗೆ ಯಾರು ಹೇಳಿದ್ದು?"

ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನು ಮೇಜು ದಾಟಿ ಬಂದು ಸ್ಟೂಲ್ ಎಳೆದು ಕೂರಿಸಿದ, ನೀರು ಕೊಟ್ಟ.

"ನೀವಂದ್ರೆ ನನಗೆ ಇಷ್ಟ," ಅಂದಳು. "ಕ್ಷಮಿಸಿ ಅಂತ ಕೇಳೋಕೆ ಬಂದೆ, ಇದು ಬಂದುಬಿಡ್ತು."

"ಎರಡೂ ಬರಲಿ ಬಿಡಿ. ನಾನು ಒಂದನ್ನೇ ಇಟ್ಕೋತೀನಿ."

ಆಗ, ಡಾಕ್ಟರಿಗೂ ಅಮ್ಮನಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಅವಳ ಬಾಯಿಂದ ಹೊರಬಂತು.

"ಅಪ್ಪ ಕರೆದಾಗ ನಾನು ಮಲಗಿದ್ದೆ. ನನಗೆ ಕೇಳಿಸ್ಲೇ ಇಲ್ಲ. ನಿದ್ದೆ ಬರಲ್ಲ ಅಂತಲ್ಲ, ನಿದ್ದೆ ಮಾಡೋಕೆ ಭಯ."

ಅವನು ಅವಳ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

"ಮುಂದೆ ಒಂದು ದಿನ ನೀವು ಕರೆದಾಗ್ಲೂ ನನಗೆ ಕೇಳಿಸದೆ ಹೋದ್ರೆ?" ಕೇಳಿದಳು.

"ಹತ್ತಿರ ಬಂದು ಕರೀತೀನಿ."