ಗಡಿಯಾರವಿಲ್ಲದ ಗೋಡೆ

"ಏ ದಾನೇಶ್ವರಿ, ಒಂದ್ ಗಡಿಯಾರ ನುಂಗಿದಿ ಏನ ನೀ?"

ಸಹಪಾಠಿ ಪಾರಿಸ ಅವಳು ಮಾಡಿದ ರಟ್ಟಿನ ಟೌನ್ ಹಾಲನ್ನು ಒಂದು ಸುತ್ತು ಹಾಕಿ ನೋಡಿ ಕಿಸಕ್ಕನೆ ನಕ್ಕ. ಗೋಪುರಕ್ಕೆ ನಾಲ್ಕು ಮೈ, ಗಡಿಯಾರ ಮೂರೇ. ನಾಲ್ಕನೆಯ ಮೈ ಬೋಳು.

"ನುಂಗಿಲ್ಲ. ಖರೇ ಟೌನ್ ಹಾಲಿಗೂ ಮೂರ ಅದಾವ," ಎಂದಳು ದಾನೇಶ್ವರಿ, ಗೋಂದು ಹತ್ತಿದ ಬೆರಳನ್ನು ಒರೆಸಿಕೊಳ್ಳುತ್ತ.

"ಹಿಂದಿನ ಓಣಿಗೆ ಹೋಗಿ ಯಾರ ನೋಡ್ತಾರವ್ವಾ?" ಎಂದರು ಸರ್. "ಎಕ್ಸಿಬಿಷನ್‌ಗೆ ಬಂದಾವ್ರು ನೀ ಮರತೀ ಅಂತಾರ. ನಾಡದ್ದರೊಳಗ ಯಾಕಿಲ್ಲ ಅಂತ ತೋರಸು. ಇಲ್ಲಾಂದ್ರ ಇನ್ನೊಂದು ಅಂಟಿಸಿಬಿಡು."

ಯಾಕಿಲ್ಲ? ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಮನೆಯಲ್ಲೇ ಇದ್ದರು. ಅವಳ ಅಜ್ಜಿ, ರುಕ್ಮವ್ವ ಆಯಿ, ಹರೆಯದಲ್ಲಿ ಅದೇ ಓಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿದವಳು.

"ನಿಪ್ಪಾಣಿ ವ್ಯಾಪಾರಸ್ಥರು ಕೂಡಿ ಕಟ್ಟಿಸಿದ್ದು ಅದನ್ನ. ಪ್ಯಾಟಿ ಕಡೆ, ಸ್ಟ್ಯಾಂಡ್ ಕಡೆ, ಸಾಲಿ ಕಡೆ ಗಡಿಯಾರ ಕೂಡ್ರಿಸಿದ್ರು. ವಖಾರಿ ಕಡೆ ಬ್ಯಾಡ ಅಂದ್ರಂತ. ಹೆಣ್ಮಕ್ಳು ಹೊತ್ತ ನೋಡ್ಕೋತ ಕುಂತ್ರ ಕೈ ಓಡೂದಿಲ್ಲಂತ!" ಆಯಿ ಎಲೆ-ಅಡಿಕೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದಳು.

"ಮತ್ತ ಮನಿಗೆ ಹೋಗೂ ಟೈಮ್ ಹೆಂಗ ತಿಳೀತಿತ್ತ ಆಯಿ?"

"ಗಡಿಯಾರ ಕೊಡಲಿಲ್ಲ. ನೆಳ್ಳ ಕೊಟ್ಟಿದ್ರಲ್ಲ! ಸಂಜಿಮುಂದ ಗೋಪುರದ ನೆಳ್ಳ ನಮ್ಮ ಗ್ವಾಡಿ ಏರತಿತ್ತು. ಒಂದಿನ ಗೆಳತಿ ಶೇವಂತಾ ಪ್ಯಾಟಿ ಕಡೆ ಓಡಿಹೋಗಿ ಗಡಿಯಾರ ನೋಡಿ, ‘ಐದಾತs’ ಅಂತ ಚೀರಿದ್ಲು. ನಾ ಬೆರಳಾಗಿನ ಸುಣ್ಣದಿಂದ ಗ್ವಾಡಿಗೆ ಗೆರಿ ಎಳದೆ. ಚಳಿಗೊಂದು ಗೆರಿ, ಬ್ಯಾಸಗಿಗೊಂದು. ನೆಳ್ಳ ಗೆರಿ ಮುಟ್ತಂದ್ರ ಎಲ್ಲಾರೂ ಸೀರಿ ಝಾಡಿಸಿ ಏಳಾವ್ರ! ಕೆಲಸ ಮಾಡಸೂ ಮುಕಾದಮ ಏನ ಅಂದಾನು?"

ಮರುದಿನ ದಾನೇಶ್ವರಿ ಟೌನ್ ಹಾಲನ್ನು ಪಡುವಣ ಕಿಟಕಿಯ ಬಳಿ ಇಟ್ಟಳು. ಹಿಂದೆ ಒಂದು ಬೂಟಿನ ಡಬ್ಬಿ, ಅದೇ ವಖಾರಿ. ಸಂಜೆ ಶಾಲೆ ಬಿಡುವ ಗಂಟೆ ಹೊಡೆದೊಡನೆ, ನೆರಳು ಬಿದ್ದಲ್ಲಿ ಆಯಿಯ ಸುಣ್ಣದಿಂದ ಗೆರೆ ಎಳೆದಳು. "ಯಾರೂ ಸರಸಬ್ಯಾಡ್ರಿ ಮತ್ತ!" ಎಂದು ಎಲ್ಲರಿಗೂ ತಾಕೀತು ಮಾಡಿದಳು.

ಎಕ್ಸಿಬಿಷನ್ ದಿನ ಆಯಿಯೂ ಬಂದು ಬೆಂಚಿನ ಮೇಲೆ ಕುಳಿತಳು.

"ಎಲ್ಲೈತಿ ನಿನ್ನ ನಾಕನೇ ಗಡಿಯಾರ?" ಎಂದ ಪಾರಿಸ.

"ತಡಿ. ನಡದ ಬರಾಕತ್ತೈತಿ."

ನೆರಳು ಡಬ್ಬಿಯ ಮೇಲೆ ಮೆಲ್ಲಗೆ ಏರಿತು. ಸರ್ ಕೈಗಡಿಯಾರ ನೋಡಿಕೊಂಡರು. ಪಾರಿಸ ಬಗ್ಗಿದ. ಬಿಳಿ ಗೆರೆಗೆ ಒಂದು ಕೂದಲೆಳೆ ಉಳಿದಿತ್ತು... ಮುಟ್ಟಿತು.

ಯಾರೂ ಏನೂ ಹೇಳುವ ಮೊದಲೇ ಆಯಿ ಎದ್ದು ನಿಂತಳು. ಸೀರೆ ಝಾಡಿಸಿ, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ಶಾಲೆಯ ಗಂಟೆ ಹೊಡೆಯಿತು.

ಪಾರಿಸ ಬಾಯಿ ತೆರೆದು ಗೆರೆಯನ್ನೇ ನೋಡುತ್ತಿದ್ದ. ದಾನೇಶ್ವರಿ ನೋಡಿದ್ದು ಆಯಿಯ ಬೆರಳನ್ನು. ಅದರ ತುದಿ ಇನ್ನೂ ಬೆಳ್ಳಗಿತ್ತು.