ಗಾಣ ತಿರುಗುವಾಗಿನ ಹಾಡು

"ನಿಲ್ಲಿಸು, ನಿಲ್ಲಿಸು! ಏನಮ್ಮ ಅರ್ಪಿತ, ಹಾಡೊಂದು ದಾರಿ, ನೀನೊಂದು ದಾರಿ?"

ಸುಧೀಂದ್ರ ಮೇಷ್ಟ್ರು ಸ್ಕೂಲಿನ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಹಾಡು ನಿಂತಿತು. ಅರ್ಪಿತಳ ಮೌತ್ ಆರ್ಗನ್ ಇನ್ನೊಂದು ಸಲ ಕುಯ್ಯೆಂದು ಸುಮ್ಮನಾಯಿತು.

ಶನಿವಾರ ಸ್ಕೂಲ್ ಡೇ. ಕ್ಯಾಸೆಟ್ಟಿನ ಹಾಡಿಗೆ ಮೇಷ್ಟ್ರ ಮಗಳು ಸ್ಮೃತಿ ಡ್ಯಾನ್ಸ್ ಮಾಡಬೇಕು, ಅರ್ಪಿತ ಜೊತೆಗೆ ಮೌತ್ ಆರ್ಗನ್ ನುಡಿಸಬೇಕು. ಹಾಡು ಆರಿಸಿದ್ದು ಅರ್ಪಿತಳೇ. 'ನಾಲ್ಕು ದಿಕ್ಕು' ಅನ್ನುವ ಪಾಪ್ ತಂಡದ ಹೊಚ್ಚ ಹೊಸ ಹಾಡು. ಆ ತಂಡವೆಂದರೆ ಅವಳಿಗೆ ಪ್ರಾಣ. ಅವರ ಕುಣಿಯುವ ಹಾಡುಗಳನ್ನೆಲ್ಲ ಸ್ಮೃತಿಯ ಮನೆಯಲ್ಲಿ ಕೇಳಿ ಕೇಳಿಯೇ ಅವಳು ನುಡಿಸುವುದನ್ನು ಕಲಿತದ್ದು.

ಮೊನ್ನೆ ಅಪ್ಪ ಶ್ರೀರಂಗಪಟ್ಟಣದಿಂದ ಒಂದು ಹಳೇ ಟೇಪ್ ರೆಕಾರ್ಡರನ್ನೂ ಈ ಹೊಸ ಕ್ಯಾಸೆಟ್ಟನ್ನೂ ತಂದಿದ್ದ. ಮೊದಲ ಸಲ ಕೇಳಿದಾಗ ಅರ್ಪಿತಳಿಗೆ ಸಿಟ್ಟೇ ಬಂತು. ಕುಣಿಸುವವರು ಹೀಗೆ ಜೋಗುಳ ಹಾಡಿದರೆ ಹೇಗೆ? ಆದರೆ ಮತ್ತೆ ಮತ್ತೆ ಕೇಳಿದಾಗ ಕಣ್ಣೀರೇ ಬಂತು. ಎಷ್ಟು ನಿಧಾನ! ಹಾಡುವ ಅಣ್ಣನ ದನಿ ಎಷ್ಟು ಭಾರ! ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಬರುವ ಮುಂಚೆ ಅಳು ನುಂಗಿಕೊಳ್ಳುವವನ ಹಾಗೆ ಅವನು ಕಾಯುತ್ತಿದ್ದ.

"ಯಾರ್ನೋ ಕಳ್ಕಂಡವ್ನೆ ಕಣವ್ವ, ಪಾಪ," ಎಂದಿದ್ದಳು ಜಗಲಿಯ ಮೇಲೆ ಕೂತಿದ್ದ ಅಜ್ಜಿ.

ಅದನ್ನೇ ಅರ್ಪಿತ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. "ನೋಡ್ತಿರ್ರೇ, ಅಳು ಬಂದ್ಬುಡ್ತದೆ!"

ಈಗ ನೋಡಿದರೆ ಹಾಡು ಸರಸರ ಓಡುತ್ತಿದೆ. ದನಿ ತೆಳ್ಳಗೆ ಮೇಲಕ್ಕೇರಿದೆ. ಕಾಯುವುದೂ ಇಲ್ಲ, ನುಂಗುವುದೂ ಇಲ್ಲ. ಮೌತ್ ಆರ್ಗನ್ನಿನ ಶ್ರುತಿ ಎಲ್ಲೂ ಕೂಡುತ್ತಿಲ್ಲ.

"ಎಲ್ಲೇ ಅಳ್ತಾವ್ನೆ?" ಎಂದಳು ನೋಡಲು ಬಂದಿದ್ದ ಕ್ಲಾಸಿನ ರಂಜಿತ. "ಐಸ್‌ಕ್ಯಾಂಡಿ ಚೀಪ್ಕಂಡು ಹಾಡ್ದಂಗದೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ಮೃತಿಯೂ ನಕ್ಕಳು.

"ಮನೇಲಿ ಇಂಗಿರ್ನಿಲ್ಲ ಸಾರ್..."

"ಇದು ನೀನೇ ತಂದ ಕ್ಯಾಸೆಟ್ಟಲ್ವೇನಮ್ಮ?" ಮೇಷ್ಟ್ರು ಗದರಲಿಲ್ಲ. ಗದರಿದ್ದರೇ ವಾಸಿಯಿತ್ತು. "ಇರಲಿ ಬಿಡು, ಬೇಜಾರು ಮಾಡ್ಕೋಬೇಡ. ಡ್ಯಾನ್ಸಿಗೆ ಕ್ಯಾಸೆಟ್ ಒಂದೇ ಸಾಕು."

ಕ್ಯಾಸೆಟ್ಟು ಬೇಕು, ಅವಳು ಬೇಡ!

ಅರ್ಪಿತ ಕಾಲೆಳೆದುಕೊಂಡು ಮನೆಗೆ ಬಂದಳು. ಪಕ್ಕದ ಆಲೆಮನೆಯಲ್ಲಿ ಮುದ್ದಯ್ಯನ ಗಾಣ ಗುಡುಗುಡು ಸದ್ದು ಮಾಡುತ್ತಾ ಕಬ್ಬು ಅರೆಯುತ್ತಿತ್ತು. ಪಡಸಾಲೆಯ ಬಲ್ಬು ದಿನದಂತೆ ಮಂಕಾಗಿ, ಕೆಂಪಗೆ ಉರಿಯುತ್ತಿತ್ತು. ಅವಳು ಅದೇ ಕ್ಯಾಸೆಟ್ಟನ್ನು ಹಾಕಿದಳು.

ಬಂತು! ಅದೇ ನಿಧಾನ, ಅದೇ ಭಾರದ ದನಿ. ಮೌತ್ ಆರ್ಗನ್ ತುಟಿಗಿಟ್ಟಳು. ಹಾಲಿಗೆ ಸಕ್ಕರೆಯಂತೆ ಶ್ರುತಿ ಕೂಡಿತು. ಹಾಗಾದರೆ ಸ್ಕೂಲಿನ ಟೇಪೇ ಸರಿಯಿಲ್ಲ! ನಾಳೆ ಮೇಷ್ಟ್ರಿಗೆ ಹೇಳಬೇಕು, ಇದೇ ಟೇಪನ್ನು ಹೊತ್ತುಕೊಂಡಾದರೂ ಹೋಗಬೇಕು ಅಂದುಕೊಂಡಳು.

ಅಷ್ಟರಲ್ಲಿ ಗಾಣ ನಿಂತಿತು.

ಬಲ್ಬು ಬೆಳ್ಳಗೆ ಝಗ್ಗೆಂದಿತು. ಹಾಡುತ್ತಿದ್ದ ಅಣ್ಣನ ದನಿ ಅವಳು ಕೇಳುತ್ತಿದ್ದ ಹಾಗೆಯೇ ಮೇಲೇರಿ ತೆಳ್ಳಗಾಯಿತು. ಹಾಡು ಸರಸರ ಓಡತೊಡಗಿತು.

ಅರ್ಪಿತ ಬಲ್ಬು ನೋಡಿದಳು. ಟೇಪು ನೋಡಿದಳು.

ಹೊರಗಿನಿಂದ ಅಪ್ಪ ಬಂದ. "ಮುದ್ದಯ್ಯನ ಕಬ್ಬು ಮುಗೀತು ಕಣವ್ವ. ಈ ವರ್ಸಕ್ಕೆ ಗಾಣ ನಿಂತಂಗೆ. ಆ ಮೋಟ್ರು ಕರೆಂಟ್ನೆಲ್ಲ ಎಳ್ಕಂಬುಡ್ತಿತ್ತು. ಇನ್ಮ್ಯಾಕೆ ಲೈಟೂ ಚೆಂದಾಗಿ ಉರೀತದೆ, ನಿನ್ ಟೇಪೂ ಚೆಂದಾಗಿ ಹಾಡ್ತದೆ."

ಚೆಂದಾಗಿ! ಅವಳು ಟೇಪು ನಿಲ್ಲಿಸಿ ಜಗಲಿಗೆ ಬಂದು ಕಂಬಕ್ಕೆ ಒರಗಿದಳು. ಅಳು ಒತ್ತರಿಸಿ ಬಂತು. ಕರೆಂಟು ಸಾಲದೆ ಟೇಪು ನಿಧಾನವಾಗಿ ತಿರುಗಿತ್ತು, ಅಷ್ಟೇ. ಆ ಅಣ್ಣ ಅತ್ತಿರಲೇ ಇಲ್ಲ. ಯಾರನ್ನೂ ಕಳೆದುಕೊಂಡಿರಲಿಲ್ಲ. ತಾನು ಕಣ್ಣೀರು ಹಾಕಿದ ಹಾಡನ್ನು 'ನಾಲ್ಕು ದಿಕ್ಕು' ಹಾಡಿಯೇ ಇರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಅವರ ಮೇಲೋ, ಮುದ್ದಯ್ಯನ ಮೋಟರಿನ ಮೇಲೋ?

ಶನಿವಾರ ಸ್ಮೃತಿ ಕುಣಿಯುತ್ತಾಳೆ. ತಾನು ಕೆಳಗೆ ಕೂತು ನೋಡಬೇಕು. ಅದೇನೂ ಬದಲಾಗುವುದಿಲ್ಲ.

"ಯಾಕವ್ವ ನಿಲ್ಸ್‌ಬುಟ್ಟೆ?" ಎಂದಳು ಅಜ್ಜಿ. "ಆ ಅಳೋ ಮಗನ್ನ ಹಾಕು, ಕೇಳವ."

"ಅವ್ನಿಲ್ಲ ಕಣಜ್ಜಿ. ಇನ್ ಬರಾಕಿಲ್ಲ."

ಅಜ್ಜಿಗೆ ಏನು ಅರ್ಥವಾಯಿತೋ, ಸುಮ್ಮನೆ ಅವಳ ತಲೆ ಸವರಿದಳು. ಆಲೆಮನೆಯಿಂದ ಬೆಲ್ಲದ ವಾಸನೆ ಇನ್ನೂ ಬರುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಅರ್ಪಿತ ಮೂಗೊರೆಸಿಕೊಂಡು ಮೌತ್ ಆರ್ಗನ್ ತುಟಿಗಿಟ್ಟಳು. ಟೇಪಿಲ್ಲದೆ, ಮೆಲ್ಲಗೆ, ಮೊದಲ ಸಾಲು ನುಡಿಸಿದಳು. ಗಾಣ ತಿರುಗುವಾಗ ಇದ್ದಷ್ಟೇ ನಿಧಾನ.

ಸಾಲು ಮುಗಿಯಿತು. ಅವಳು ಉಸಿರು ಹಿಡಿದು ಕಾದಳು. ಪಕ್ಕದಲ್ಲಿ ಅಜ್ಜಿಯೂ ಕಾದಳು. ಆಮೇಲೆ ಅವಳು ಎರಡನೆಯ ಸಾಲು ನುಡಿಸಿದಳು.